ಪಕ್ಕದಲ್ಲಿ ಕುಳಿತವರು

ಗಜೇಂದ್ರಗಡ ನನ್ನ ತವರು. ಮೊದಲ ನೌಕರಿ ನರಗುಂದದಲ್ಲಿ, ಸಂಸಾರ ಹೂಡಿದ್ದು ರೋಣದಲ್ಲಿ. ಇಲ್ಲಿಯೇ 2011ರಲ್ಲಿ ನನ್ನವರು ತೀರಿಕೊಂಡರು. ಮಾತನಾಡಿಸಲು ಬಂದವರಿಗೆ ಲೆಕ್ಕವಿಲ್ಲ. "ಹಣೇಬರಹ ರೀ ಅಕ್ಕೋರ, ಯಾರೇನ್ ಮಾಡೂದೈತಿ" ಎಂದರು ಕೆಲವರು. "ದೇವರಿಗೂ ಒಳ್ಳೆಯವರೇ ಬೇಕು ನೋಡ್ರಿ" ಎಂದರು ಇನ್ನು ಕೆಲವರು. ಯಾರ ಮನಸ್ಸಿನಲ್ಲಿಯೂ ಕೆಟ್ಟದ್ದಿರಲಿಲ್ಲ. ಆದರೂ ಪ್ರತಿಯೊಂದು ಮಾತೂ ನನ್ನ ಅಳುವ ಬಾಯಿಯನ್ನು ಮುಚ್ಚಿಸಿದಂತೆ ಇರುತ್ತಿತ್ತು.

ನಮ್ಮ ಓಣಿಯ ಕೊನೆಯಲ್ಲಿ ಒಬ್ಬ ಕ್ರೈಸ್ತ ಮುದುಕಿ ಇದ್ದರು. ನರ್ಸ್ ಕೆಲಸದಿಂದ ನಿವೃತ್ತರಾದವರು. ಎಲ್ಲರಿಗೂ ಸಿಸ್ಟರ್ ಬಾಯಿ. ಅವರು ಬಂದು ಏನೂ ಹೇಳಲಿಲ್ಲ, ಗೋಡೆಗೆ ಒರಗಿ ಕುಳಿತರು. ಹೊತ್ತು ಮುಳುಗಿದ ಮೇಲೆ "ಹುಡುಗ ಊಟಾ ಮಾಡ್ಯಾನೇನ್ರಿ?" ಎಂದಷ್ಟೇ ಕೇಳಿ ಒಲೆ ಹೊತ್ತಿಸಿದರು. ಹೀಗೆ ಒಂಬತ್ತು ದಿನ ಬಂದರು.

ಮುಂದೊಮ್ಮೆ ಕೇಳಿದೆ, "ಅವತ್ತು ನೀವು ದೇವರ ಮಾತು ಯಾಕ ಹೇಳಲಿಲ್ರಿ?" ಅವರು ಬೈಬಲಿನ ಯೋಬನ ಕಥೆ ಹೇಳಿದರು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಬಳಿ ಮೂವರು ಗೆಳೆಯರು ಬಂದು ಏಳು ಹಗಲು, ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕುಳಿತರಂತೆ. "ಅಲ್ಲೀತನಕ ಅವರು ಛಲೋ ಗೆಳೆಯರ. ಕಾರಣಾ ಹೇಳಾಕ ಬಾಯಿ ತಗದ್ರು ನೋಡ್ರಿ, ಕೆಟ್ಟಿತು."

ವರ್ಷಗಳು ಉರುಳಿ ಸರದಿ ನನ್ನದಾಯಿತು. ಅವರಿಗೆ ಎಂಬತ್ತು ದಾಟಿ ಕಣ್ಣು ಮಂಜಾದವು. ಮಗ ದೂರದ ಊರಿನಲ್ಲಿ. ಪಾಸ್ಟರು ಗದಗಿನಿಂದ ಬಂದ ದಿನ ಪ್ರಾರ್ಥನೆ, ಉಳಿದ ದಿನ ಒಂಟಿ. ಒಂದು ಸಂಜೆ ಕನ್ನಡ ಬೈಬಲನ್ನು ನನ್ನ ಕೈಗಿಟ್ಟು 71ನೆಯ ಕೀರ್ತನೆ ಓದಿರೆಂದರು. ಮುಪ್ಪಿನಲ್ಲಿ ಕೈಬಿಡಬೇಡವೆಂದು ಭಕ್ತನು ಮೊರೆಯಿಡುವ ಕೀರ್ತನೆ ಅದು.

ನಾನು ಅಳುಕಿದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಾನು, ಜನ ಏನೆಂದಾರು? ಅದಕ್ಕಿಂತ ದೊಡ್ಡ ಅಳುಕು, ನನ್ನದಲ್ಲದ ಪ್ರಾರ್ಥನೆಯನ್ನು ನನ್ನ ಬಾಯಿಂದ ಓದುವುದು ನಟನೆಯಲ್ಲವೇ? ಇದನ್ನು ಅವರಿಗೇ ಹೇಳಿಬಿಟ್ಟೆ. ಅವರು ನಕ್ಕರು. "ನಂಬೂದು ನನ್ನ ಕೆಲಸ, ಓದೂದು ನಿಮ್ಮ ಕೆಲಸ. ಈಗ ನನಗ ಬೇಕಾಗಿದ್ದು ನಿಮ್ಮ ಕಣ್ಣು."

ಓದಿದೆ. ಆ ಮೇಲೆ ಅದು ದಿನದ ಪಾಠವಾಯಿತು. ಬಳ್ಳಾರಿಯ ಪಾದ್ರಿಗಳ ಶ್ರಮದಿಂದ 1831ರಲ್ಲಿಯೇ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು; ಬಾಸೆಲ್ ಮಿಶನ್ನಿನವರು 1841ರಲ್ಲಿ ನಮ್ಮ ಬೆಟಗೇರಿಗೆ ಬಂದರು. ಇಷ್ಟು ವರ್ಷ ನೆರೆಯಲ್ಲಿದ್ದ ಪುಸ್ತಕವನ್ನು ನಾನು ತೆರೆದದ್ದು ಆಗಲೇ. ಸೇವೆಯ ಹಿಂದೆ ಮತಾಂತರದ ಆಸೆ ಇರುತ್ತದೆಂಬ ಅನುಮಾನದ ಮಾತು ನಮ್ಮಲ್ಲಿ ಉಂಟು. ಸಿಸ್ಟರ್ ಬಾಯಿ ಒಂದು ದಿನವೂ ನನ್ನನ್ನು ಚರ್ಚಿಗೆ ಕರೆಯಲಿಲ್ಲ. ಬೆಲೆ ಕೇಳಿದರೆ ಅದು ಸೇವೆ ಹೇಗಾದೀತು?

ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ 1967ರಲ್ಲಿ ಲಂಡನ್ನಿನಲ್ಲಿ ಸಾವಿನಂಚಿನ ರೋಗಿಗಳಿಗಾಗಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆಸ್ಪತ್ರೆ ತೆರೆದರು. ನೋವು ದೇಹದ್ದಷ್ಟೇ ಅಲ್ಲ, ಮನಸ್ಸಿನದು, ಸಂಬಂಧಗಳದು, ಆತ್ಮದ್ದೂ ಹೌದು ಎಂಬುದು ಅವರ ಅನುಭವ. ಆಕೆ ದೃಢ ಕ್ರೈಸ್ತೆ; ಆದರೆ ಆ ಬಾಗಿಲು ಎಲ್ಲ ಮತದವರಿಗೂ ತೆರೆದಿತ್ತು. ಮಾತ್ರೆಯನ್ನು ಯಾರು ಬೇಕಾದರೂ ಕೊಡಬಹುದು. ಆತ್ಮದ ನೋವಿಗೆ ಆಯಾ ಮನುಷ್ಯನ ನಂಬಿಕೆಯೇ ಊರುಗೋಲು. ಅದು ಕೈಜಾರಿ ಬಿದ್ದಾಗ ಎತ್ತಿ ಅವರ ಕೈಗೇ ಕೊಡಬೇಕು. ನಮ್ಮ ಕೋಲನ್ನು ಹಿಡಿಸಬಾರದು.

2022ರಲ್ಲಿ ಸಿಸ್ಟರ್ ಬಾಯಿ ಹೋದರು. ಕೊನೆಯ ದಿನಗಳಲ್ಲಿ ಮಾತು ನಿಂತಿತ್ತು, ನಾನು ಓದುವಾಗ ತುಟಿ ಮಾತ್ರ ಅಲುಗುತ್ತಿತ್ತು. ನನಗೂ ಈಗ ಐವತ್ತೈದು, ಮಗ ಬೆಂಗಳೂರಿನಲ್ಲಿ. ನನ್ನ ಕಣ್ಣು ಮಂಜಾದಾಗ ವಚನ ಓದಲು ಯಾರಾದರೂ ಬಂದಾರು. ಯಾವ ಮತದವರಾದರೂ ಸರಿ, ಅಕ್ಷರ ತಪ್ಪದೆ ಓದಿದರೆ ಸಾಕು.