ಏಳು ಜನರ ಸಾಲಿನಲ್ಲಿ ಎಂಟನೆಯವನು



ಬೇಸಿಗೆ ರಜೆ ಮುಗಿದು ಶಾಲೆಗಳು ಆರಂಭವಾಗಿ ಕೆಲವು ವಾರ ಕಳೆಯುವಷ್ಟರಲ್ಲಿ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲೂಕುಗಳ ಪ್ರೌಢಶಾಲೆಗಳ ಬಯಲಿನಲ್ಲಿ ಒಂದು ಪರೀಕ್ಷೆ ನಡೆಯುತ್ತದೆ. ಅದಕ್ಕೆ ಪ್ರಶ್ನೆಪತ್ರಿಕೆ ಇಲ್ಲ, ಅಂಕಪಟ್ಟಿಯೂ ಇಲ್ಲ. ಆದರೂ ಅದರ ಫಲಿತಾಂಶಕ್ಕಾಗಿ ಮಕ್ಕಳು ರಾತ್ರಿ ನಿದ್ದೆಗೆಟ್ಟು ಕಾಯುತ್ತಾರೆ. ಅದೇ ಕಬಡ್ಡಿ ತಂಡದ ಆಯ್ಕೆ. ತಳಕು, ನಾಯಕನಹಟ್ಟಿ, ಪರಶುರಾಂಪುರ, ದೇವಸಮುದ್ರ ಹೀಗೆ ಹೋಬಳಿ ಮಟ್ಟದಲ್ಲಿ ಆರಂಭವಾಗುವ ಪಂದ್ಯಗಳು ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುತ್ತವೆ. ಮಳೆ ಕಡಿಮೆ ಬೀಳುವ, ಶೇಂಗಾ ಬೆಳೆಯನ್ನೇ ನೆಚ್ಚಿ ಬಾಳುವ ಸೀಮೆ ಇದು. ಬ್ಯಾಟು, ಪ್ಯಾಡು ಕೊಳ್ಳಲಾಗದ ಮನೆಯ ಮಗುವೂ ಬರಿಗಾಲಿನಲ್ಲಿ ಆಡಬಹುದಾದ ಆಟ ಕಬಡ್ಡಿ. ಆದ್ದರಿಂದಲೇ ಅದರ ಆಸೆಯೂ ದೊಡ್ಡದು, ನಿರಾಸೆಯೂ ದೊಡ್ಡದು.

ಲೆಕ್ಕ ಸರಳವಾಗಿದೆ. ತಂಡಕ್ಕೆ ಹನ್ನೆರಡು ಜನ. ಅಂಕಣಕ್ಕೆ ಇಳಿಯುವವರು ಏಳು ಜನ. ಐವರು ಹೊರಗೆ ಕೂರಬೇಕು. ಪಟ್ಟಿಯಲ್ಲಿ ಹೆಸರೇ ಬಾರದೆ ಮನೆಗೆ ಹೋಗುವವರು ಇನ್ನೆಷ್ಟೋ ಮಂದಿ.

ಏಳು ಜನರೊಳಗೂ ಎಲ್ಲರ ಪಾಲು ಒಂದೇ ಅಲ್ಲ. ಎದುರಾಳಿಯ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವ ರೈಡರನ ಹೆಸರನ್ನು ಜನ ಕೂಗುತ್ತಾರೆ. ಉಳಿದವರು ಹಿಡಿಯುವವರು. ಎರಡು ತುದಿಗಳಲ್ಲಿ ಕಾರ್ನರ್, ಒಳಗಡೆ ಕವರ್. ಕಾರ್ನರಿನವನು ಬಗ್ಗಿ ಕಾಲಿನ ಗಿಣ್ಣು ಹಿಡಿಯುತ್ತಾನೆ. ಆ ಕ್ಷಣದಲ್ಲೇ ಕವರಿನವನು ಬಂದು ದಾರಿಗೆ ಅಡ್ಡ ಬೀಳದಿದ್ದರೆ ಹಿಡಿದ ಕಾಲು ಜಾರಿಹೋಗುತ್ತದೆ. ಕೈ ಕೈ ಹಿಡಿದು ಸರಪಳಿಯಾಗಿ ನಿಂತವರಲ್ಲಿ ಒಬ್ಬನ ಹೆಜ್ಜೆ ತಡವಾದರೂ ಸರಪಳಿ ತುಂಡಾಗುತ್ತದೆ. ಇಷ್ಟಾದರೂ ಚಪ್ಪಾಳೆ ಹಿಡಿದವನಿಗೆ. ಅಡ್ಡ ಬಿದ್ದವನು ಮೈಯ ಮಣ್ಣು ಕೊಡವಿಕೊಂಡು ತನ್ನ ಜಾಗಕ್ಕೆ ಹೋಗುತ್ತಾನೆ. ಹೀಗೆ ಹೆಸರಿಲ್ಲದ ಆ ಒಂದು ಜಾಗಕ್ಕೂ ಮೂರು ನಾಲ್ಕು ಹುಡುಗರು ತಿಂಗಳುಗಟ್ಟಲೆ ಬೆವರು ಸುರಿಸುತ್ತಾರೆ.

೨೦೧೯ರ ಜನವರಿ ೫ರಂದು ಮುಂಬಯಿಯಲ್ಲಿ ಬೆಂಗಳೂರು ಬುಲ್ಸ್ ತಂಡವು ಗುಜರಾತ್ ತಂಡವನ್ನು ೩೮-೩೩ರಿಂದ ಸೋಲಿಸಿ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದಿತು. ಆ ದಿನ ೨೨ ಅಂಕ ತಂದ ಪವನ್ ಸೆಹ್ರಾವತ್ ಅವರ ಹೆಸರು ನಮ್ಮ ಹಳ್ಳಿಯ ಮಕ್ಕಳಿಗೂ ಗೊತ್ತು. ಅದೇ ತಂಡದ ರಕ್ಷಣೆಯಲ್ಲಿ ನಿಂತ ಮಹೇಂದರ್ ಸಿಂಗ್ ಅವರನ್ನು ಎಷ್ಟು ಜನ ನೆನೆಯುತ್ತಾರೆ? ಆಟದ ಪ್ರಪಂಚ ಹಾಗಿದೆ. ಮನೆಯ ಪ್ರಪಂಚವೂ, ಕೆಲವೊಮ್ಮೆ ಧರ್ಮಕೇಂದ್ರದ ಪ್ರಪಂಚವೂ ಹಾಗೆಯೇ ಇದೆ.

ಆಯ್ಕೆಯ ದಿನ ಸಂಜೆ ಮಗ ತಲೆ ತಗ್ಗಿಸಿಕೊಂಡು ಮನೆಗೆ ಬಂದನೆನ್ನೋಣ. ಏಳರಲ್ಲಿ ಅವನಿಲ್ಲ. ಆಗ ಮನೆಯಲ್ಲಿ ಬರುವ ಮೊದಲ ಮಾತು ಯಾವುದು? "ಆ ಮೇಷ್ಟ್ರಿಗೆ ಬೇಕಾದವರನ್ನೇ ತಗೊಂಡಿದ್ದಾರೆ" ಎಂದು ಒಬ್ಬರು. "ನಿನ್ನ ಕೈಲಿ ಏನು ತಾನೆ ಆಗುತ್ತೆ?" ಎಂದು ಇನ್ನೊಬ್ಬರು. ಮೊದಲ ಮಾತು ಮಗುವಿನಲ್ಲಿ ದ್ವೇಷ ಬಿತ್ತುತ್ತದೆ. ಎರಡನೆಯದು ಅದರ ಧೈರ್ಯವನ್ನು ಕೀಳುತ್ತದೆ. ಪೋಷಕರ ಆತಂಕಕ್ಕೂ ಕಾರಣವಿದೆ. ಮೇಲಿನ ಹಂತದಲ್ಲಿ ಆಡಿದ ಪ್ರಮಾಣಪತ್ರ ಮುಂದೆ ಕ್ರೀಡಾ ಕೋಟಾದಲ್ಲಿ ಒಂದು ಸೀಟಿಗೋ ನೌಕರಿಗೋ ದಾರಿಯಾದೀತು ಎಂಬ ಆಸೆ ಬಡವರ ಮನೆಯಲ್ಲಿ ಚಿಕ್ಕದೇನಲ್ಲ. ಆದರೆ ಆ ಆಸೆಯ ಭಾರವನ್ನೆಲ್ಲ ಹದಿನಾಲ್ಕು ವರ್ಷದ ಹೆಗಲ ಮೇಲೆ ಹೇರಿದರೆ ಅದು ತಾಳೀತೆ?

ಜಾಗಕ್ಕಾಗಿ ಸ್ಪರ್ಧೆ ಯೇಸುಸ್ವಾಮಿಯ ಶಿಷ್ಯರಲ್ಲೂ ಇತ್ತು. ಜೆಬೆದಾಯನ ಮಕ್ಕಳ ತಾಯಿ ಬಂದು, ತನ್ನ ಮಕ್ಕಳಲ್ಲಿ ಒಬ್ಬನಿಗೆ ಬಲಗಡೆ, ಇನ್ನೊಬ್ಬನಿಗೆ ಎಡಗಡೆ ಆಸನ ಕೊಡಿಸಬೇಕೆಂದು ಬೇಡಿಕೊಂಡಳು. ಅದನ್ನು ಕೇಳಿ ಉಳಿದ ಹತ್ತು ಮಂದಿ ಸಿಟ್ಟಾದರು. ಅವರಿಗೂ ಆ ಜಾಗದ ಮೇಲೆ ಕಣ್ಣಿತ್ತೋ ಏನೋ! ಪ್ರಭು ಆ ತಾಯಿಯನ್ನು ಗದರಿಸಿ ಕಳಿಸಲಿಲ್ಲ. ಆಸೆಯನ್ನು ತುಳಿಯಲಿಲ್ಲ, ಅದರ ದಿಕ್ಕನ್ನು ತಿರುಗಿಸಿದರು. ಮೊದಲಿಗನಾಗಬೇಕೆನ್ನುವವನು ಎಲ್ಲರ ಸೇವಕನಾಗಲಿ ಎಂದು ಬೋಧಿಸಿದರು. ಸಂತ ಪೌಲರೂ ಸ್ಪರ್ಧೆಯನ್ನು ಹೀಗಳೆಯಲಿಲ್ಲ. ಕೊರಿಂಥದ ಹತ್ತಿರವೇ ಇಸ್ತ್ಮಿಯ ಕ್ರೀಡೆಗಳು ನಡೆಯುತ್ತಿದ್ದವು. ಅಲ್ಲಿಯ ಜನರಿಗೆ ಬರೆಯುವಾಗ ಅವರು ಓಟಗಾರನ ಶಿಸ್ತನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ಆದ್ದರಿಂದ, ಮಗುವೇ, ಜಾಗಕ್ಕಾಗಿ ಶ್ರಮಿಸು. ಬೆಳಿಗ್ಗೆ ಎದ್ದು ಓಡು. ಅದರಲ್ಲಿ ಪಾಪವೇನೂ ಇಲ್ಲ. ಜಾಗ ಸಿಕ್ಕರೆ ಮಾತ್ರ ನಾನು ಮನುಷ್ಯ, ಸಿಗದಿದ್ದರೆ ನಾನು ಯಾರೂ ಅಲ್ಲ ಎಂದುಕೊಳ್ಳುವುದರಲ್ಲಿ ಅಪಾಯವಿದೆ.

ಈ ಅಪಾಯಕ್ಕೆ ಮದ್ದು ಪ್ರೇಷಿತರ ಕಾರ್ಯಕಲಾಪಗಳ ಮೊದಲನೆಯ ಅಧ್ಯಾಯದಲ್ಲಿದೆ. ಇಸ್ಕರಿಯೋತಿನ ಯೂದನು ಬಿಟ್ಟುಹೋದ ಒಂದು ಜಾಗ ಖಾಲಿಯಿತ್ತು. ಸುಮಾರು ನೂರಿಪ್ಪತ್ತು ಮಂದಿ ವಿಶ್ವಾಸಿಗಳು ಸೇರಿದ್ದರು. ಯೊವಾನ್ನನ ಸ್ನಾನದೀಕ್ಷೆಯ ದಿನದಿಂದ ಪ್ರಭುವಿನ ಸ್ವರ್ಗಾರೋಹಣದ ತನಕ ಜೊತೆಯಲ್ಲೇ ಇದ್ದವನಾಗಿರಬೇಕು ಎಂಬುದು ಅರ್ಹತೆ. ಇಬ್ಬರು ಆ ಅಳತೆಗೆ ಸರಿಹೊಂದಿದರು. ಒಬ್ಬನು ಯುಸ್ತನೆಂದೂ ಕರೆಯಲ್ಪಡುತ್ತಿದ್ದ ಬಾರ್ಸಬ್ಬ ಜೋಸೆಫ್, ಇನ್ನೊಬ್ಬನು ಮತ್ತೀಯ. ಪ್ರಾರ್ಥಿಸಿ ಚೀಟಿ ಹಾಕಿದರು. ಚೀಟಿ ಮತ್ತೀಯನಿಗೆ ಬಿತ್ತು. ಧರ್ಮಸಭೆ ಪ್ರತಿವರ್ಷ ಮೇ ೧೪ರಂದು ಸಂತ ಮತ್ತೀಯರ ಹಬ್ಬವನ್ನು ಆಚರಿಸುತ್ತದೆ.

ಹಾಗಾದರೆ ಬಾರ್ಸಬ್ಬ ಏನಾದ? ಅವನು ಕೋಪಿಸಿಕೊಂಡು ಹೊರನಡೆದನೆಂದು ಬೈಬಲ್ ಹೇಳುವುದಿಲ್ಲ. ಬೇರೆ ಗುಂಪು ಕಟ್ಟಿದನೆಂದೂ ಹೇಳುವುದಿಲ್ಲ. ಮುಂದಿನ ಅಧ್ಯಾಯದಲ್ಲಿ ಎಲ್ಲರೂ ಒಂದೇ ಕಡೆ ಕೂಡಿದ್ದಾಗ ಪವಿತ್ರಾತ್ಮರು ಇಳಿದುಬರುತ್ತಾರೆ. ಆ ಕೂಟದಲ್ಲಿ ಅವನೂ ಇದ್ದನೆಂದು ನಂಬಲು ಅಡ್ಡಿಯಿಲ್ಲ. ಜಾಗ ತಪ್ಪಿದ ಮಾತ್ರಕ್ಕೆ ವರ ತಪ್ಪಲಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಿ. ಆಯ್ಕೆಯಾದ ಮತ್ತೀಯರ ಹೆಸರೂ ಆಮೇಲೆ ಹೊಸ ಒಡಂಬಡಿಕೆಯಲ್ಲಿ ಮತ್ತೆ ಬರುವುದಿಲ್ಲ! ಗೆದ್ದವನೂ ಮೌನವಾಗಿ ದುಡಿದ, ಬಿಟ್ಟುಹೋದವನೂ ಮೌನವಾಗಿಯೇ ಉಳಿದ. ದೇವರ ಕೆಲಸ ಮಾತ್ರ ಯೆರೂಸಲೇಮಿನಿಂದ ಲೋಕದ ಕೊನೆಯವರೆಗೂ ನಡೆಯಿತು.

ತಂಡವನ್ನು ಆರಿಸುವ ದೈಹಿಕ ಶಿಕ್ಷಕರಿಗೂ ಹಿರಿಯರಿಗೂ ಇಲ್ಲಿ ಪಾಠವಿದೆ. ಚೀಟಿ ಎತ್ತಿ ತಂಡ ಕಟ್ಟಿ ಎಂದು ಹೇಳುತ್ತಿಲ್ಲ. ಆದರೆ ಪ್ರೇಷಿತರು ಮೊದಲು ಅರ್ಹತೆಯನ್ನು ಎಲ್ಲರ ಮುಂದೆ ಸ್ಪಷ್ಟವಾಗಿ ಹೇಳಿದರು, ಆಮೇಲೆ ಆರಿಸಿದರು. ಶಿಫಾರಸಿಗೆ, ಜಾತಿಗೆ, ಹಣಕ್ಕೆ ಅಲ್ಲಿ ಎಡೆಯಿರಲಿಲ್ಲ. ಚಿನ್ನದ ಉಂಗುರ ತೊಟ್ಟವನಿಗೆ ಮುಂದಿನ ಆಸನ, ಹರಕು ಬಟ್ಟೆಯವನಿಗೆ ಕಾಲಡಿಯ ಜಾಗ ಕೊಡುವುದನ್ನು ಸಂತ ಯಕೋಬರು ತಮ್ಮ ಪತ್ರದಲ್ಲಿ ಖಂಡಿಸಿದ್ದಾರೆ. ಅನ್ಯಾಯ ನಿಜವಾಗಿಯೂ ನಡೆದಿದ್ದರೆ ಅದನ್ನು ನುಂಗಿಕೊಂಡಿರಿ ಎಂದು ವಿಶ್ವಾಸ ನಮಗೆ ಕಲಿಸುವುದಿಲ್ಲ. ತಂದೆಯೋ ತಾಯಿಯೋ ಹೋಗಿ ಶಿಕ್ಷಕರೊಡನೆ ಗೌರವದಿಂದ, ಏಕಾಂತದಲ್ಲಿ, ಮಗುವಿನ ಎದುರಿಗಲ್ಲದೆ ಮಾತನಾಡಲಿ. ಮಗ ಎಲ್ಲಿ ಹಿಂದುಳಿದ ಎಂದು ಕೇಳಲಿ. ಅರ್ಧ ಜಗಳ ಅಲ್ಲಿಗೇ ತಣ್ಣಗಾಗುತ್ತದೆ.

ಒಂದೇ ಜಾಗಕ್ಕೆ ಸೆಣಸುವ ಇಬ್ಬರು ಹುಡುಗರ ನಡುವೆ ಏನಾಗಬೇಕು? ಅಭ್ಯಾಸದ ವೇಳೆ ಏಳು ಜನರ ಎದುರು ನಿಲ್ಲುವವರು ಈ ಹೊರಗುಳಿದವರೇ. ಅವರು ಪೂರ್ಣ ಮನಸ್ಸಿನಿಂದ ನುಗ್ಗಿದರೆ ಮಾತ್ರ ಹಿಡಿಯುವವನ ಕೈ ಗಟ್ಟಿಯಾಗುತ್ತದೆ. ಅವರು ಮನಸ್ಸಿಲ್ಲದೆ ಆಡಿದರೆ ತಂಡವೇ ಸೊರಗುತ್ತದೆ. ಎಂಟನೆಯವನು ಚೆನ್ನಾಗಿದ್ದಷ್ಟೂ ಏಳನೆಯವನು ಚೆನ್ನಾಗುತ್ತಾನೆ. ಹೀಗಿರುವಾಗ ನನ್ನ ಜಾಗ ಕಿತ್ತುಕೊಂಡವನು ನನ್ನ ವೈರಿಯೇ? ಅವನು ನನ್ನನ್ನು ತಿದ್ದಿದವನು, ನಾನು ಅವನನ್ನು ತಿದ್ದಿದವನು.

ಗೆಲುವಿನ ಪಾಲಿನ ವಿಷಯದಲ್ಲಿ ಅರಸ ದಾವೀದ ಒಂದು ಕಟ್ಟಳೆಯನ್ನೇ ಮಾಡಿದ. ಆರುನೂರು ಜನರೊಡನೆ ಶತ್ರುಗಳನ್ನು ಬೆನ್ನಟ್ಟಿ ಹೋದಾಗ ಇನ್ನೂರು ಜನ ಬಳಲಿ ಬೆಸೋರ್ ಹಳ್ಳದ ಬಳಿ ಸಾಮಾನುಗಳ ಹತ್ತಿರ ಉಳಿದರು. ನಾನೂರು ಜನ ಮುಂದೆ ಹೋಗಿ ಗೆದ್ದು ಬಂದರು. ಗೆದ್ದವರಲ್ಲಿ ಕೆಲವರು, ಉಳಿದವರಿಗೆ ಕೊಳ್ಳೆಯಲ್ಲಿ ಪಾಲಿಲ್ಲ ಎಂದು ವಾದಿಸಿದರು. ದಾವೀದ ಒಪ್ಪಲಿಲ್ಲ. ಗೆಲುವು ಕೊಟ್ಟವರು ದೇವರು. ಯುದ್ಧಕ್ಕೆ ಹೋದವನಿಗೂ ಸಾಮಾನು ಕಾದವನಿಗೂ ಸಮಪಾಲು ಎಂದು ತೀರ್ಪುಕೊಟ್ಟ. ನಮ್ಮ ಶಾಲೆಯ ತಂಡ ಗೆದ್ದು ಬಂದಾಗ ಹಾರ ಏಳು ಜನರಿಗೋ, ಹನ್ನೆರಡು ಜನರಿಗೋ? ಒಮ್ಮೆ ಯೋಚಿಸೋಣ.

ಈ ಮಾತಿಗೆ ನಮ್ಮ ನೆಲವೇ ಸಾಕ್ಷಿ ನುಡಿಯುತ್ತದೆ. ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅವುಗಳನ್ನು ಬೆಳಕಿಗೆ ತಂದರು. ಶ್ರಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಶ್ರಮಿಸಿದರೆ ಚಿಕ್ಕವರಿಗೂ ದೊರೆಯುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ. ಅದನ್ನು ಬರೆದ ಲಿಪಿಕಾರ ಚಪಡನ ಹೆಸರೂ ಅಲ್ಲಿದೆ. ಚಕ್ರವರ್ತಿಯ ಮಾತು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಉಳಿದದ್ದು ಇಂಥವರ ಕೈಯಿಂದ.

ಅದೇ ಮೊಳಕಾಲ್ಮುರಿನ ಮಗ್ಗವನ್ನು ನೋಡಿ. ರೇಷ್ಮೆ ಸೀರೆಯನ್ನು ಕೊಳ್ಳಲು ಬಂದವರ ಕಣ್ಣು ಸೆರಗಿನ ಮೇಲೆ, ಅಂಚಿನ ಮೇಲೆ. ಆದರೆ ಹಾಸಿನ ಎಳೆಗಳು ಬಿಗಿಯಾಗಿ ನಿಲ್ಲದಿದ್ದರೆ ಹೊಕ್ಕು ಹಾಯುವುದೆಲ್ಲಿ? ಲಾಳಿಯ ಕದಿರಿಗೆ ನೂಲು ಸುತ್ತಿಕೊಟ್ಟ ಅಜ್ಜಿಯ ಹೆಸರು ಸೀರೆಯ ಮೇಲೆ ಇರುವುದಿಲ್ಲ. ದೇಹದಲ್ಲಿ ಬಲಹೀನವೆಂದು ತೋರುವ ಅಂಗಗಳೇ ಅತ್ಯಗತ್ಯವಾದವು ಎಂದು ಸಂತ ಪೌಲರು ಕಲಿಸಿದ್ದು ನೇಕಾರರ ಮನೆಯ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ಕೂರುವ ಸರದಿ ಒಂದಲ್ಲ ಒಂದು ದಿನ ಎಲ್ಲರಿಗೂ ಬರುತ್ತದೆ. ಮೇಲೆ ಹೇಳಿದ ಪವನ್ ಸೆಹ್ರಾವತ್ ಅವರನ್ನೇ ತೆಗೆದುಕೊಳ್ಳಿ. ೨೦೨೨ರಲ್ಲಿ ೨.೨೬ ಕೋಟಿ ರೂಪಾಯಿಗೆ ತಮಿಳ್ ತಲೈವಾಸ್ ತಂಡ ಸೇರಿದ ಅವರು ಮೊದಲ ಪಂದ್ಯದಲ್ಲೇ ಗಾಯಗೊಂಡು ಇಡೀ ಋತುವನ್ನು ಹೊರಗೆ ಕಳೆದರು. ಮರುವರ್ಷ, ೨೦೨೩ರಲ್ಲಿ, ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ತಂಡದ ನಾಯಕರಾಗಿ ಚಿನ್ನ ಗೆದ್ದರು. ಅಂಕಣದೊಳಗೂ ಇದೇ ನಿಯಮ. ಔಟಾದವನು ಗೆರೆಯಾಚೆ ಕೂರುತ್ತಾನೆ. ಜೊತೆಗಾರರು ಎದುರಾಳಿಯೊಬ್ಬನನ್ನು ಔಟ್ ಮಾಡಿದಾಗ ಸರದಿಯಂತೆ ಮತ್ತೆ ಜೀವ ಪಡೆದು ಒಳಗೆ ಬರುತ್ತಾನೆ. ತನ್ನ ಬಲದಿಂದ ಅವನು ಎದ್ದು ಬರಲಾರ. ಇನ್ನೊಬ್ಬನ ಶ್ರಮವೇ ಅವನಿಗೆ ಪುನರ್ಜೀವ. ಕ್ರೈಸ್ತರಾದ ನಮಗೆ ಇದು ಹೊಸ ಮಾತೇನಲ್ಲ. ನಾವೆಲ್ಲರೂ ಇನ್ನೊಬ್ಬರ ಶಿಲುಬೆಯ ಶ್ರಮದಿಂದಲೇ ಜೀವ ಪಡೆದವರು.

ಕೊನೆಯದಾಗಿ ಪೋಷಕರಿಗೆ ಎರಡು ಮಾತು. ಮಗು ಮನೆಗೆ ಬಂದಾಗ "ತಂಡದಲ್ಲಿ ಇದ್ದೀಯಾ?" ಎಂದು ಕೇಳುವ ಮೊದಲು "ಇವತ್ತು ಏನು ಕಲಿತೆ?" ಎಂದು ಕೇಳಿ. ಅಣ್ಣನೊಡನೆ, ಪಕ್ಕದ ಮನೆಯವನೊಡನೆ ಹೋಲಿಸಬೇಡಿ. ಮಗಳು ಆಡಲು ಬಯಸಿದರೆ ಅವಳನ್ನೂ ಬಯಲಿಗೆ ಕಳುಹಿಸಿ. ಮಗು ಹೊರಗೆ ಕೂರುವ ದಿನವೂ ಪಂದ್ಯ ನೋಡಲು ಹೋಗಿ. ಅಂದು ನಿಮ್ಮ ಹಾಜರಿಯೇ ಅದಕ್ಕೆ ದೊಡ್ಡ ಬಹುಮಾನ.

ಈ ವಾರ ಮನೆಯವರೆಲ್ಲ ಕುಳಿತು ಚಿಂತಿಸಲು: ನಮ್ಮ ಮನೆಯಲ್ಲಿ ಹೆಸರಿಲ್ಲದೆ ದುಡಿಯುವವರು ಯಾರು? ಅವರಿಗೆ ನಾವು ಕೃತಜ್ಞತೆ ಹೇಳಿದ್ದು ಯಾವಾಗ? ನನ್ನ ಜಾಗ ಪಡೆದವರಿಗಾಗಿ ನಾನು ಪ್ರಾರ್ಥಿಸಬಲ್ಲೆನೇ?

ಪ್ರಾರ್ಥಿಸೋಣ: ಪ್ರಭುವೇ, ಜಾಗ ಸಿಕ್ಕಾಗ ನಮಗೆ ನಮ್ರತೆಯನ್ನೂ, ತಪ್ಪಿದಾಗ ತಾಳ್ಮೆಯನ್ನೂ ಕೊಡಿರಿ. ಆರಿಸುವವರಿಗೆ ನ್ಯಾಯಬುದ್ಧಿಯನ್ನೂ, ಹೊರಗೆ ಕುಳಿತ ಮಕ್ಕಳಿಗೆ ನಿಮ್ಮ ಸಾನ್ನಿಧ್ಯವನ್ನೂ ದಯಪಾಲಿಸಿರಿ. ಆಮೆನ್.