ವಾಲಗದವರ ಮರಳುದಾರಿ

ವಾಲಗವಿಲ್ಲದೆ ನಮ್ಮಲ್ಲಿ ಮದುವೆಯಿಲ್ಲ. ಧಾರೆಯ ಹೊತ್ತಿಗೆ ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ’ ಎಂದೊಡನೆ ನಾಗಸ್ವರ, ಡೋಲುಗಳು ಮೊಳಗಲೇಬೇಕು. ಬೀಗರ ಬಸ್ಸು ತಡವಾದರೆ ಸೈರಿಸಿಯೇವು. ವಾಲಗದವರು ತಡವಾದರೆ ಸೈರಿಸೆವು. ಆದರೆ ಊಟವಾದ ಮೇಲೆ ಅವರು ಮನೆ ಸೇರಿದ್ದು ಹೇಗೆಂದು ಕೇಳುವವರು ಎಷ್ಟು ಮಂದಿ?

ಬಯಲುಸೀಮೆಯಲ್ಲಿ ಈ ಪ್ರಶ್ನೆ ಅಷ್ಟಾಗಿ ಕಾಡದು. ಸಕಲೇಶಪುರ, ಆಲೂರುಗಳ ಮಲೆಯಲ್ಲಿ ಅದು ಜೀವದ ಪ್ರಶ್ನೆ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರು, ಹೆದ್ದಾರಿಯಾದ್ದರಿಂದ ಚಿಂತೆಯಿಲ್ಲ. ಅಲ್ಲಿಂದಾಚೆ ಹೆತ್ತೂರು, ಯಸಳೂರುಗಳ ಕಡೆಗೋ, ಆಲೂರಿನಿಂದ ಕೆಂಚಮ್ಮನ ಹೊಸಕೋಟೆಯ ಕಡೆಗೋ ಹೊರಟರೆ, ಬಸ್ಸಿಳಿದ ಮೇಲೂ ಕಾಫಿತೋಟಗಳ ನಡುವೆ ನಡೆಯುವ ದಾರಿ ಉಳಿದಿರುತ್ತದೆ. ಆ ದಾರಿ ಆನೆಗಳದೂ ಹೌದು. 2014ರಲ್ಲಿ ಆಲೂರು ಸೀಮೆಯಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ಹಾವಳಿ ತೀರಲಿಲ್ಲ. ಮೈಸೂರು ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಕಾದಾಡಿ ಸತ್ತ. ಪಳಗಿದ ಆನೆಗೇ ಆ ಗತಿಯಾದರೆ, ಹೆಗಲಿಗೆ ಡೋಲು ತೂಗಿಕೊಂಡು ಕತ್ತಲಲ್ಲಿ ನಡೆಯುವವನ ಗತಿಯೇನು?

‘ಒಪ್ಪಿದ ಹಣ ಕೊಟ್ಟಾಯಿತು, ಹೋಗುವುದು ಬರುವುದು ಅವರ ಪಾಡು’ ಎನ್ನುವವರುಂಟು. ವ್ಯವಹಾರದ ಮಾತಾಗಿ ಇದನ್ನು ತಳ್ಳಿಹಾಕುವಂತಿಲ್ಲ. ದಾರಿಯ ಖರ್ಚನ್ನು ಸೇರಿಸಿಯೇ ಹಣ ಕೇಳಲು ಅವರು ಸ್ವತಂತ್ರರು. ಆದರೆ ಖರ್ಚನ್ನು ಸೇರಿಸಬಹುದು. ಅಪಾಯವನ್ನು ಸೇರಿಸುವುದು ಹೇಗೆ? ಮುಹೂರ್ತ ಇಟ್ಟವರು ನಾವು. ತೋಟದ ಮನೆಯಂಗಳದಲ್ಲೇ ಚಪ್ಪರವಾಗಬೇಕೆಂದವರು ನಾವು. ಬೆಳಗಿನ ಐದೂವರೆಯ ಲಗ್ನವೆಂದರೆ ಅವರು ಹಿಂದಿನ ದಿನವೇ ಬರಬೇಕು; ಸಂಜೆ ಆರತಕ್ಷತೆಯೂ ಉಂಟೆಂದರೆ ಇರುಳಲ್ಲಿ ಮರಳಬೇಕು. ಹೊತ್ತನ್ನೂ ಸ್ಥಳವನ್ನೂ ಆರಿಸಿದವನು ನಾನಾದರೆ, ಅವುಗಳಿಂದ ಹುಟ್ಟಿದ ಅಪಾಯ ಇನ್ನೊಬ್ಬನದು ಮಾತ್ರ ಹೇಗಾದೀತು?

ಕರೆಸುವಾಗ ನಾವು ಜಾಣರೇ. ಮುಹೂರ್ತ ತಪ್ಪೀತೆಂಬ ಭಯದಿಂದ ಹೆದ್ದಾರಿಗೇ ಜೀಪು ಕಳಿಸುತ್ತೇವೆ. ಮುಗಿದ ಮೇಲೆ ಅದೇ ಜೀಪು ಬೀಗರ ಸೇವೆಗೆ ಹೋಗುತ್ತದೆ. ಹೆತ್ತೂರಿನ ಕಡೆಯ ಮದುವೆಯೊಂದರಲ್ಲಿ ನಾಗಸ್ವರದ ಹಿರಿಯರೊಬ್ಬರು ನನ್ನೊಡನೆ ನಗುತ್ತಲೇ ಹೇಳಿದರು: “ಬರೋಕೆ ದಾರಿ ನೀವು ತೋರಿಸ್ತೀರಿ ಮೇಷ್ಟ್ರೇ, ಹೋಗೋಕೆ ದೇವರು ತೋರಿಸ್ತಾನೆ.” ದೂರಿನ ದನಿಯಿರಲಿಲ್ಲ, ಅದಕ್ಕೇ ಮಾತು ನಾಟಿತು. ನಮ್ಮ ಆದರ ನಮ್ಮ ಅಗತ್ಯ ತೀರುವವರೆಗೆ ಮಾತ್ರವೆಂದು ಅವರು ಎಂದೋ ಕಂಡುಕೊಂಡಿದ್ದರು.

ಹಾಗಾದರೆ ಅಡಿಗೆಯವರು, ಎಲೆ ಎತ್ತುವವರು, ಫೋಟೋ ತೆಗೆಯುವವರು? ಅವರಿಗೂ ಇದೇ ನ್ಯಾಯ. ಈ ಹೊಣೆಗೆ ಕೊನೆಯೆಲ್ಲಿ ಎಂದರೆ, ಅವರು ತಮ್ಮಷ್ಟಕ್ಕೆ ನಿರ್ಭಯವಾಗಿ ಸಾಗಬಲ್ಲ ದಾರಿ ಸಿಕ್ಕುವವರೆಗೆ. ಅದು ಸಿಕ್ಕದ ಹೊತ್ತಾದರೆ ಬೆಳಗಾಗುವವರೆಗೆ ಜಗಲಿಯಲ್ಲಿ ಚಾಪೆ, ಹೊದಿಕೆ. ಇದು ದಾನವಲ್ಲ. ಜೀಪಿನ ಬಾಡಿಗೆಯನ್ನು ಸಂಭಾವನೆಯಲ್ಲಿ ಮುರಿದುಕೊಂಡರೆ ಹೊಣೆ ಹೊತ್ತಂತೆಯೂ ಅಲ್ಲ.

ಕನ್ನಡದಲ್ಲಿ ಹೊರಟವನು ಬೀಳ್ಕೊಳ್ಳುತ್ತಾನೆ, ಮನೆಯವನು ಬೀಳ್ಕೊಡುತ್ತಾನೆ. ಕೊಡುವುದು ನಮ್ಮ ಪಾಲಿನ ಕೆಲಸವೆಂದು ಭಾಷೆಯೇ ಹೇಳಿದೆ. ಮದುವೆಯ ಖರ್ಚಿನ ಪಟ್ಟಿಯಲ್ಲಿ ‘ವಾಲಗ’ ಎಂದು ಬರೆಯುವಾಗ, ಅದರ ಮುಂದೆ ಅವರು ಮರಳುವ ಹೊತ್ತನ್ನೂ ವಾಹನವನ್ನೂ ಬರೆದಿಟ್ಟರೆ ಸಾಕು.