ಬಿಟ್ಟದ್ದೂ ಕಾಣುತ್ತಿರಲಿ

ಫೋಟೊ ತೆಗೆಯುವುದೆಂದರೆ ಏನನ್ನೋ ಹಿಡಿಯುವುದು ಎಂದುಕೊಳ್ಳುತ್ತೇವೆ. ಆದರೆ ಹಿಡಿದದ್ದಕ್ಕಿಂತ ಬಿಟ್ಟದ್ದೇ ಯಾವಾಗಲೂ ಹೆಚ್ಚು. ಬಿಡುವುದನ್ನೂ ಕಣ್ಣೆದುರೇ ಇಟ್ಟು ಆರಿಸಿಕೊ ಎನ್ನುವ ಹಳೆಯ ಕ್ಯಾಮೆರಾ ಒಂದಿದೆ: 1954ರಲ್ಲಿ ಜರ್ಮನಿಯ ವೆಟ್ಸ್‌ಲಾರ್ ಊರಿನ ಲೈಟ್ಸ್ ಕಾರ್ಖಾನೆಯಿಂದ ಬಂದ ಲೈಕಾ ಎಂ3.

ಅದರ ಮೂಲ ಇನ್ನೂ ಹಿಂದಿನದು. ಅದೇ ಕಾರ್ಖಾನೆಯ ಆಸ್ಕರ್ ಬಾರ್ನಾಕ್ ಉಬ್ಬಸದ ಮನುಷ್ಯ. ಭಾರದ ಪ್ಲೇಟ್ ಕ್ಯಾಮೆರಾ ಹೊರಲಾರದೆ, ಸಿನಿಮಾದ 35 ಮಿ.ಮೀ. ಫಿಲ್ಮನ್ನೇ ಅಡ್ಡಕ್ಕೆ ಓಡಿಸುವ ಪುಟ್ಟ ಕ್ಯಾಮೆರಾವನ್ನು 1914ರ ಹೊತ್ತಿಗೆ ಮಾಡಿದ. 1925ರಲ್ಲಿ ಅದು ಮಾರುಕಟ್ಟೆಗೆ ಬಂದಾಗಲೂ ದೂರವನ್ನು ಕಣ್ಣಂದಾಜಿನಲ್ಲೇ ಅಳೆಯಬೇಕಿತ್ತು. 1932ರ ಲೈಕಾ 2ರಲ್ಲಿ ದೂರ ಅಳೆಯುವ ರೇಂಜ್‌ಫೈಂಡರ್ ಲೆನ್ಸಿಗೇ ಜೋಡಣೆಯಾಯಿತು. ಅದರ ಕೆಲಸ ಸರಳ. ಮುಂಭಾಗದ ಎರಡು ಕಿಂಡಿಗಳಿಂದ ಬಂದ ಬಿಂಬಗಳು ಒಂದೇ ಕಡೆ ಬೀಳುತ್ತವೆ. ಎದುರಿಗಿದ್ದವರ ಮುಖಕ್ಕೆ ಹಿಡಿದರೆ ಮೂಗು ಎರಡಾಗಿ ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸುತ್ತ ಹೋದಂತೆ ಎರಡೂ ಸರಿದು ಬಂದು ಒಂದರ ಮೇಲೊಂದು ಕೂರುತ್ತವೆ. ಫೋಕಸ್ ಸಿಕ್ಕಿತು.

ಎಂ3ರಲ್ಲಿ ದೂರ ಅಳೆಯುವುದೂ ದೃಶ್ಯ ನೋಡುವುದೂ ಒಂದೇ ಕಿಂಡಿಗೆ ಬಂದವು. ಅದರೊಳಗೆ ಲೋಕ ಹೆಚ್ಚುಕಡಿಮೆ ಬರಿಗಣ್ಣಿಗೆ ಕಾಣುವಷ್ಟೇ ದೊಡ್ಡದಾಗಿ ತೋರುತ್ತದೆ; ಅದರ ಮೇಲೊಂದು ಬೆಳಕಿನ ಗೆರೆಯ ಚೌಕಟ್ಟು. ಗೆರೆಯೊಳಗಿನದು ಫಿಲ್ಮಿಗೆ. ಗೆರೆಯಾಚೆಯದೂ ಕಾಣುತ್ತಲೇ ಇರುತ್ತದೆ, 90 ಮಿ.ಮೀ. ಲೆನ್ಸ್ ಹಾಕಿದರಂತೂ ಬಿಡುವ ಭಾಗವೇ ಹೆಚ್ಚು. ಓಡಿಬರುವ ಹುಡುಗ ಚೌಕಟ್ಟಿಗೆ ಕಾಲಿಡುವ ಮೊದಲೇ ಕಣ್ಣಿಗೆ ಬೀಳುತ್ತಾನೆ. ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಚಿತ್ರವಾಗುವಷ್ಟೇ ಕಾಣುತ್ತದೆ, ಸುತ್ತ ಕತ್ತಲು. ಹತ್ತಿರದ ಹೂವಿಗೂ ದೂರದ ಹಕ್ಕಿಗೂ ಅದೇ ಅನುಕೂಲ. ರೇಂಜ್‌ಫೈಂಡರ್‌ನಲ್ಲಾದರೆ ಲೆನ್ಸಿನ ಮುಚ್ಚಳ ತೆಗೆಯದಿದ್ದರೂ ತಿಳಿಯದು. 1959ರಲ್ಲಿ ನಿಕಾನ್ ಎಫ್ ಬಂದ ಮೇಲೆ ಮಾರುಕಟ್ಟೆ ಎಸ್‌ಎಲ್‌ಆರ್ ಕಡೆಗೇ ವಾಲಿತು.

ಲೈಕಾದ ಕಥೆ ಕೇಳುವಾಗಲೂ ಎಂ3ರ ಈ ಕಿಂಡಿ ನೆನಪಾಗುತ್ತದೆ. ಕಾರ್ಖಾನೆಯ ಒಡೆಯ ಎರಡನೆಯ ಅರ್ನ್ಸ್ಟ್ ಲೈಟ್ಸ್, ನಾಜಿಗಳ ಕಾಲದಲ್ಲಿ ತನ್ನ ಯಹೂದಿ ನೌಕರರನ್ನು ದೇಶ ದಾಟಿಸಿ ನ್ಯೂಯಾರ್ಕಿನಲ್ಲಿ ಬದುಕು ಕಟ್ಟಿಕೊಳ್ಳಲು ನೆರವಾದ. ಯಹೂದಿ ಮಹಿಳೆಯೊಬ್ಬಳನ್ನು ಸ್ವಿಟ್ಜರ್ಲೆಂಡಿಗೆ ದಾಟಿಸಲು ಯತ್ನಿಸಿದ್ದಕ್ಕೆ ಅವನ ಮಗಳು ಎಲ್ಸಿ 1943ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊದ ಸೆರೆಯಾದಳು. ಇಲ್ಲಿಗೇ ಗೆರೆ ಎಳೆದರೆ ಚೆಂದದ ಚಿತ್ರ. ಗೆರೆಯಾಚೆ, ಅದೇ ಕಾರ್ಖಾನೆ ಜರ್ಮನ್ ಸೇನೆಗೆ ದುರ್ಬೀನು ಮಾಡಿಕೊಟ್ಟಿತು; ಹೊರದೇಶಗಳಿಂದ ಬಲವಂತವಾಗಿ ಎಳೆತಂದವರನ್ನು ದುಡಿಸಿಕೊಂಡಿತು. ಆ ಉಪಕಾರ ಇದನ್ನು ಅಳಿಸದು. ಇದರಿಂದ ಆ ಉಪಕಾರ ಸುಳ್ಳೂ ಆಗದು.

ಚೌಕಟ್ಟಿಲ್ಲದೆ ಚಿತ್ರವಿಲ್ಲ, ಚರಿತ್ರೆಯೂ ಇಲ್ಲ. ಆರಿಸಿಕೊಳ್ಳುವವರು ಒಂದಿಷ್ಟನ್ನು ಬಿಡಲೇಬೇಕು. ಬಿಟ್ಟದ್ದು ಇರಲೇ ಇಲ್ಲ ಎಂದು ನಂಬತೊಡಗಿದಾಗ ತೊಂದರೆ ಶುರು. ಮನೆಯ ಹಿರಿಯರನ್ನು ಹೊಗಳುವಾಗ, ಮೆಚ್ಚಿದ ನಾಯಕನ ಪರ ವಾದಿಸುವಾಗ, ಹಳೆಯ ಜಗಳದಲ್ಲಿ ನಮ್ಮದೇ ಸರಿ ಎನ್ನುವಾಗ ಗೆರೆ ಎಳೆದವರು ನಾವೇ. ಅದರಾಚೆಗೆ ಯಾರು ನಿಂತಿದ್ದಾರೆಂದು ನೋಡುವ ಹೊಣೆಯೂ ನಮ್ಮದೇ.